ಇದ್ದಷ್ಟೇ ಓದುವ ದನಿ

ಯಗಟಿ
9 ಜೂನ್ 2024

ಕರಿಬಸಿ,

ಹಾಳೆಯ ಮೇಲೆ ಬರೆದು, ಮೊಮ್ಮಗಳು ಮಧುಶ್ರೀ ಕೈಯಲ್ಲಿ ಫೋಟೊ ತೆಗೆಸಿ ಕಳಿಸಿದರೆ, 'ನನ್ನ ಫೋನು ಬರೀ ಫೋಟೊ ಅನ್ನುತ್ತೆ, ಒಳಗೇನಿದೆ ಹೇಳಲ್ಲ' ಅಂತ ಹೇಳಿ ಕಳಿಸಿದ್ದೀಯ. ಒಂದು ಸಂಜೆ ಪೂರ್ತಿ ಕೂತು ಬರೆದದ್ದು ಅದು. ನಾಲ್ಕನೇ ಕ್ಲಾಸಿಗೇ ಸ್ಲೇಟು ಒಡೆದು ಕುರಿ ಹಿಂದೆ ಹೋದವನ ಅಕ್ಷರ ನಿನ್ನ ಫೋನಿಗೆ ಹಿಡಿಸದಿದ್ದರೆ ನಾನೇನು ಮಾಡಲಿ?

ಅದಕ್ಕೇ ಈಗ ಒಂದೇ ಬೆರಳಲ್ಲಿ ಒತ್ತುತ್ತಿದ್ದೇನೆ. ಒಂದು ಒತ್ತಿದರೆ ಪಕ್ಕದ್ದು ಬರುತ್ತೆ. ಮಧುಶ್ರೀ, "ತಾತ, ನೀನು ಹೇಳು, ನಾನು ಒತ್ತಿ ಕೊಡ್ತೀನಿ" ಅಂದಳು. "ಅಣ್ಣ ತಂಗಿ ಮಾತು ನಿಂಗ್ಯಾಕೆ, ಎದ್ದೋಗೇ" ಅಂದೆ. ಬಾಯಲ್ಲಿ ಹೇಳಿ ರೆಕಾರ್ಡ್ ಮಾಡು ಅಂತ ನೀನು ಹೇಳಿದ್ದೂ ಆಯಿತು. ಮಾಡಿ ಕಳಿಸಿದ್ದೆನಲ್ಲ. ಅದರ ತುಂಬ 'ಹಲೋ ಹಲೋ' ಅಂತಷ್ಟೇ ಇದೆ ಅಂತ ನಕ್ಕೆಯಂತೆ. ನಿನಗೆ ಕಣ್ಣು ಹೋಯಿತು, ನನಗೆ ಕಿವಿ ಹೋಯಿತು. ನೀನು ಫೋನಲ್ಲಿ ಮಾತಾಡಿದರೆ ನನಗೆ ಜೇನು ಗುಂಯ್ ಅಂದ ಹಾಗೆ ಕೇಳುತ್ತೆ. ಕಾಗದ ಬಿಟ್ಟರೆ ನಮಗೆ ಗತಿ ಇಲ್ಲ.

ಇನ್ನೊಂದು. ನಿನ್ನ ಫೋನಿನೊಳಗೆ ಒಬ್ಬಳು ಓದುತ್ತಾಳಂತಲ್ಲ, ಯಾರವಳು? ನಿನ್ನ ಗಂಡ ತೀರ್ಥಪ್ಪ ಹೋದ ವರ್ಷ ಸಾಯುವ ತನಕ ನನ್ನ ಕಾಗದ ಅವನೇ ಓದಿ ಹೇಳುತ್ತಿದ್ದ. ಅವನು ಓದುತ್ತಾನೆ ಅಂತಲೇ ಎಷ್ಟೋ ಮಾತು ನಾನು ಬರೆಯಲಿಲ್ಲ. ಈಗ ಇವಳು. ಓದಿದ್ದನ್ನು ಅಜ್ಜಂಪುರಕ್ಕೆಲ್ಲ ಸಾರಿ ಬರುತ್ತಾಳೋ ಹೇಗೆ?

ಅವನ ತಿಥಿಯ ದಿನ ಕೇಳಿದ್ದನ್ನೇ ಈಗಲೂ ಕೇಳುತ್ತೇನೆ. ಯಗಟಿಗೆ ಬಂದು ಇರುತ್ತೀಯೋ ಇಲ್ಲವೋ? ಕೋಣೆ ಇದೆ. ರಾಗಿ ಇದೆ. ನಿನ್ನತ್ತಿಗೆ ಇದ್ದಾಳೆ. ಉತ್ತರ ಹಾಕು.

ಚಿಕ್ಕಬೀರಪ್ಪ


ಅಜ್ಜಂಪುರ
23 ಜೂನ್ 2024

ಅಣ್ಣಾ,

ನಿನ್ನ ಕಾಗದವನ್ನು ಓದಿದೆ ಅನ್ನಲೋ ಕೇಳಿದೆ ಅನ್ನಲೋ ಇನ್ನೂ ಗೊತ್ತಾಗುತ್ತಿಲ್ಲ.

ಒಳಗೆ ಯಾರೂ ಇಲ್ಲ ಕಣಣ್ಣಾ. ತರೀಕೆರೆಯಲ್ಲಿ ನನಗೆ ಇದನ್ನು ಕಲಿಸಿದವಳು ಹೇಮಶ್ರೀ, ಅವಳಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಅವಳು ಹೇಳಿದ್ದು ಇಷ್ಟು: ಪರದೆಯ ಮೇಲೆ ಯಾವ ಅಕ್ಷರ ಇದೆಯೋ ಅದನ್ನು ಫೋನಿನ ಪ್ರೋಗ್ರಾಮು ತೆಗೆದುಕೊಂಡು ದನಿ ಮಾಡುತ್ತದೆ. ಬೆರಳು ಎಲ್ಲಿಟ್ಟರೆ ಅಲ್ಲಿರುವುದನ್ನು ಹೇಳುತ್ತೆ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು, ಎರಡು ಸಲ ತಟ್ಟಿದರೆ ಆ ಬಾಗಿಲು ತೆರೆಯುತ್ತೆ. ಫೋಟೊದಲ್ಲಿರುವ ಅಕ್ಷರ ಅದಕ್ಕೆ ಅಕ್ಷರವಲ್ಲ, ಬಣ್ಣ. ಅಚ್ಚಿನ ಹಾಳೆಯ ಫೋಟೊ ಆಗಿದ್ದರೆ ಬಿಡಿಸಿ ಹೇಳುವ ಇನ್ನೊಂದು ಆ್ಯಪ್ ಇದೆ. ನಿನ್ನ ಕೈಬರಹ ತೋರಿಸಿದರೆ ಅದೂ ಕೈಮುಗಿಯಿತು.

ಊರಿಗೆಲ್ಲ ಸಾರುವುದೂ ಇಲ್ಲ. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಪರದೆಯನ್ನು ಪೂರ್ತಿ ಕತ್ತಲು ಮಾಡಿಕೊಂಡು ಓದುತ್ತೇನೆ. ನಮ್ಮ ಯಜಮಾನರ ಅಣ್ಣನ ಮಗ ಮೃತ್ಯುಂಜಯ ಮೊನ್ನೆ ನೋಡಿ, "ಚಿಕ್ಕಮ್ಮಾ, ಫೋನು ಆಫ್ ಆಗೈತೆ ಕೊಡಿ, ಚಾರ್ಜಿಗೆ ಹಾಕ್ತೀನಿ" ಅಂತ ಕಿತ್ತುಕೊಳ್ಳಲು ಬಂದ. "ಆನ್ ಐತೆ ಕಣೋ, ನಮ್ಮಣ್ಣನ ಹತ್ರ ಬೈಸ್ಕೋತಾ ಇದೀನಿ, ಸುಮ್ನಿರು" ಅಂದೆ.

ನಾನು ಬರೆಯುವುದೂ ಹೀಗೇ. ಬಾಯಲ್ಲಿ ಹೇಳಿದ್ದು ಅಕ್ಷರವಾಗುತ್ತೆ. ತಪ್ಪಾದ ಕಡೆ ಒಂದೊಂದೇ ಅಕ್ಷರ ಓದಿಸಿಕೊಂಡು ತಿದ್ದುತ್ತೇನೆ. ಹೇಮಶ್ರೀ ಫೋನಿನ ವೇಗ ಕೇಳಬೇಕು ನೀನು, ಗಿರಣಿ ಬಾಯಿಗೆ ರಾಗಿ ಸುರಿದ ಹಾಗೆ. ನನಗೆ ಒಂದು ಮಾತೂ ಹತ್ತುವುದಿಲ್ಲ. ನಾನಿನ್ನೂ ಎತ್ತಿನ ಗಾಡಿ.

ನಿನ್ನ ಕಾಗದ 'ಉತ್ತರ ಹಾಕು' ಅಂದು, ನಿನ್ನ ಹೆಸರು ಹೇಳಿ ನಿಂತಿತು. ಮುಂದೆ ಇರಬೇಕು ಅಂತ ಬಲಕ್ಕೆ ಸವರಿದೆ. ಗಂಟೆ ಎಷ್ಟೆಂದು ಹೇಳಿತು. ಮತ್ತೆ ಸವರಿದೆ. 'ಸಂದೇಶ ಬರೆಯಿರಿ' ಅಂದಿತು. ಮೇಲೆ ಹೋದರೆ ಬ್ಯಾಟರಿ ನಲವತ್ತೊಂದು. ಉಳಿದದ್ದು ಎಲ್ಲೋ ಸಿಕ್ಕಿಕೊಂಡಿದೆಯೇನೋ ಅಂತ ಮಾರನೆಯ ದಿನದ ತನಕ ಕಾದೆ. ಸಂಪಿಗೆ ಮರದ ವಿಷಯ ಯಾಕೆ ಬರೆಯಲಿಲ್ಲ? ಬಾವಿ ಹತ್ತಿರ ನನಗೆಂದು ನೆಟ್ಟದ್ದು, ಈ ವರ್ಷ ಹೂ ಬಿಟ್ಟಿದೆ, ಕೊಂಬೆ ಬಾಗಿಸಿ ಕೀಳುವವಳೇ ಇಲ್ಲ ಅಂತ ಪ್ರತಿ ಕಾಗದದಲ್ಲೂ ಬರೆಯುತ್ತಿದ್ದೆಯಲ್ಲ. ಒಂದೇ ಬೆರಳಲ್ಲಿ ಒತ್ತುವುದು ಕಷ್ಟ ಅಂತ ಬಿಟ್ಟೆಯಾ?

ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮೃತ್ಯುಂಜಯ ಈ ಮನೆ ಒಡೆಸಿ ಕಟ್ಟಿಸುತ್ತಾನಂತೆ. ಅಷ್ಟರೊಳಗೆ ನಾನು ಎಲ್ಲಿಗಾದರೂ ಹೊರಡಬೇಕು. ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡವರಿಗೆ ಫೋನು ಕಲಿಸೋಣ, ಇರೋಕೂ ಜಾಗ ಇದೆ, ತರೀಕೆರೆಗೆ ಬನ್ನಿ ಅಂತ ಹೇಮಶ್ರೀ ಕರೆಯುತ್ತಿದ್ದಾಳೆ. ಮನಸ್ಸು ಯಗಟಿ ಕಡೆಗೇ ಎಳೆಯುತ್ತೆ. ಮುಡಿಯುವ ಕಾಲ ಹೋಯಿತು, ಆ ಮರದ ಕೆಳಗೆ ಕೂತರೆ ಸಾಕು.

ನಿನ್ನ ತಂಗಿ
ಕರಿಬಸಮ್ಮ


ಯಗಟಿ
2 ಜುಲೈ 2024

ಕರಿಬಸಿ,

ಯಾವ ಸಂಪಿಗೆ? ಬಾವಿ ಹತ್ತಿರ ಇರುವುದು ಮೋಟಾರಿನ ಶೆಡ್ಡು. ಅದರ ಹಿಂದೆ ಒಂದು ಜಾಲಿ, ಅದನ್ನೂ ಕುರಿ ಮೇಯ್ದು ಬೋಳು ಮಾಡಿವೆ. ನಾನು ಹುಟ್ಟಿದ ಮೇಲೆ ಒಂದು ಹೂವಿನ ಗಿಡ ನೆಟ್ಟವನಲ್ಲ. ಈ ಬಯಲಲ್ಲಿ ತೆಂಗಿಗೇ ಟ್ಯಾಂಕರ್ ನೀರು ಹೊಡೆಸುತ್ತಾರೆ, ಸಂಪಿಗೆಗೆ ಯಾರು ಹೊಯ್ಯುತ್ತಾರೆ?

ನಾನು ಬರೆಯುತ್ತಿದ್ದದ್ದು ಇಷ್ಟು. ನಾವು ಚೆನ್ನಾಗಿದ್ದೇವೆ. ಮಳೆ ಆಯಿತು, ಇಲ್ಲಾ ಆಗಲಿಲ್ಲ. ಇಷ್ಟು ಮರಿ ಹುಟ್ಟಿದವು, ಇಷ್ಟು ಸತ್ತವು. ನೀನು ಚೆನ್ನಾಗಿರು. ಅದಕ್ಕಿಂತ ಒಂದು ಸಾಲು ಹೆಚ್ಚು ಬರೆದಿದ್ದರೆ ನನ್ನ ಹೆಸರು ಬದಲಾಯಿಸು.

ಕೇಳಿದ್ದಕ್ಕೆ ಉತ್ತರ ಇಲ್ಲ, ಮರ ಗಿಡ ಅಂತೀಯ. ಬರುತ್ತೀಯೋ ಇಲ್ಲವೋ?

ಚಿಕ್ಕಬೀರಪ್ಪ


ಅಜ್ಜಂಪುರ
1 ಸೆಪ್ಟೆಂಬರ್ 2024

ಅಣ್ಣಾ,

ಎರಡು ತಿಂಗಳು ಬರೆಯಲಿಲ್ಲ. ಹುಷಾರಾಗಿಯೇ ಇದ್ದೆ.

ನಿನ್ನ ಕಾಗದವನ್ನು ಮೊದಲು ಮಾಮೂಲಿ ವೇಗದಲ್ಲಿ ಕೇಳಿದೆ. ಆಮೇಲೆ ವೇಗ ತಗ್ಗಿಸಿ ಕೇಳಿದೆ. ಆಮೇಲೆ ಒಂದೊಂದೇ ಪದ ಸವರಿ ಕೇಳಿದೆ. ಈ ದನಿಗೆ ಸಿಟ್ಟೂ ಇಲ್ಲ, ಮರುಕವೂ ಇಲ್ಲ. ಸಂಪಿಗೆ ಅನ್ನುವುದನ್ನೂ ಶೆಡ್ಡು ಅನ್ನುವುದನ್ನೂ ಒಂದೇ ತರ ಹೇಳುತ್ತೆ. ಇದ್ದದ್ದನ್ನು ಬಿಡುವುದಿಲ್ಲ, ಇಲ್ಲದ್ದನ್ನು ಸೇರಿಸುವುದಿಲ್ಲ. ಹಾಗಾದರೆ ಇಷ್ಟು ವರ್ಷ ಇಲ್ಲದ್ದನ್ನು ಸೇರಿಸಿದವರು ಯಾರು ಅಂತ ನಿನಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

ನಿನ್ನ ಕಾಗದ ಬಂದ ದಿನ ನಮ್ಮ ಯಜಮಾನರು ಬಟ್ಟೆ ಅಂಗಡಿಯಿಂದ ಬರುವಾಗಲೇ, "ಬಂತು ಕಣೇ ನಿಮ್ಮಣ್ಣಂದು, ಈ ಸಲ ದಪ್ಪಗೈತೆ" ಅನ್ನುತ್ತಿದ್ದರು. ಕೈಗೆ ಕೊಟ್ಟರೆ ಒಂದೇ ಹಾಳೆ. "ಎರಡೂ ಕಡೆ ಬರೆದವ್ನೆ, ಅಂಚೂ ಬಿಟ್ಟಿಲ್ಲ" ಅನ್ನುತ್ತಿದ್ದರು. ಓದಲು ಕೂತರೆ ಮುದ್ದೆ ಆರುತ್ತಿತ್ತು. ಅವ್ವನ ಕಂಬಳಿ ಮಡಿಸಿ ನನಗೆಂದು ಇಟ್ಟಿದ್ದೀಯ ಅಂತ ಓದಿದರು. ಸಂಜೆ ಹೊತ್ತು ದಿಣ್ಣೆ ಹತ್ತಿ ಅಜ್ಜಂಪುರದ ಕಡೆ ನೋಡುತ್ತೀಯ ಅಂತ ಓದಿದರು. ಹಬ್ಬದ ಹೋಳಿಗೆ ನಿನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ ಓದಿದರು. ಇದರಲ್ಲಿ ಒಂದಾದರೂ ನೀನು ಬರೆದದ್ದು ಇಲ್ಲವೇನಣ್ಣಾ?

ನೀನು ಇಲ್ಲಿಗೆ ಬಂದಾಗ ಕೇಳಬಹುದಿತ್ತು. ಆದರೆ ನಿನ್ನ ಕಿವಿಗೆ ಬೀಳುವಂತೆ ಬೀದಿಗೆಲ್ಲ ಕೂಗಿ ಕೇಳುವ ಮಾತೇ ಅದು? ಎದುರಿಗೆ ಮಾತೇ ಆಡದೆ ಉಂಡು ಎದ್ದು ಹೋಗುವವನು ಕಾಗದದಲ್ಲಿ ಮಾತ್ರ ಕರಗುತ್ತಾನೆ ಅಂದುಕೊಂಡು, ಕೆದಕದೆ ಬಿಟ್ಟಿದ್ದೆ.

ಅವ್ವ ತೀರಿಕೊಂಡಾಗ ಯಗಟಿಗೆ ಬಂದವಳು ಆಮೇಲೆ ಬರಲೇ ಇಲ್ಲ. ಪ್ರತಿ ಗೌರಿ ಹಬ್ಬಕ್ಕೂ ಹೋಗೋಣ ಅನ್ನುತ್ತಿದ್ದೆ. "ಬೀರೂರಲ್ಲಿ ಇಳ್ದು, ಕಡೂರಲ್ಲಿ ಇಳ್ದು, ಈ ಕಣ್ಣಲ್ಲಿ ಎಲ್ಲಿಗೇ? ಬರೋ ವರ್ಷ ಹೋಗಾನ" ಅನ್ನುತ್ತಿದ್ದರು. ಈಗ ಅರ್ಥವಾಗುತ್ತೆ. ಬಂದಿದ್ದರೆ ಮರ ಎಲ್ಲಿ ಅಂತ ಕೇಳುತ್ತಿದ್ದೆ.

ಯಾರ ಮೇಲೆ ಸಿಟ್ಟಾಗಲಿ ತಿಳಿಯುತ್ತಿಲ್ಲ. ಒಂದೇ ಸಲಕ್ಕೆ ಇಬ್ಬರು ಹೋದ ಹಾಗಾಗಿದೆ. ಓದುತ್ತಿದ್ದವರೂ ಹೋದರು, ಬರೆಯುತ್ತಿದ್ದ ಅಣ್ಣನೂ ಹೋದ.

ಕರಿಬಸಮ್ಮ


ಯಗಟಿ
8 ಸೆಪ್ಟೆಂಬರ್ 2024

ಕರಿಬಸಿ,

ನಾನು ಎಲ್ಲಿಗೂ ಹೋಗಿಲ್ಲ. ಇಲ್ಲೇ ಇದ್ದೇನೆ, ಕಲ್ಲಿನ ಹಾಗೆ.

ನಿನ್ನ ಗಂಡನ ಬಾಯಿ ನನಗೆ ಮೊದಲಿಂದಲೂ ಆಗದು. ನಾಲ್ಕು ಗಜ ಬಟ್ಟೆಯನ್ನು ನಲವತ್ತು ಮಾತಿನಲ್ಲಿ ಅಳೆಯುತ್ತಿದ್ದ. ನನ್ನ ಹೆಸರಲ್ಲಿ ಅಳೋಕೆ, ಹೋಳಿಗೆ ಉಗಿಯೋಕೆ ಅವನಿಗೆ ಯಾರು ಅಧಿಕಾರ ಕೊಟ್ಟರು? ಹಬ್ಬದ ದಿನ ನಾನು ಐದು ಹೋಳಿಗೆ ತಿನ್ನುತ್ತೇನೆ, ನಿನ್ನತ್ತಿಗೆಯನ್ನು ಕೇಳು. ತನ್ನ ಸುಳ್ಳಿನ ಮರ ಉಳಿಸಿಕೊಳ್ಳೋಕೆ ನಿನಗೆ ತವರು ಬಿಡಿಸಿದ. ಬದುಕಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಸತ್ತು ಬಚಾವಾದ.

ಒಂದು ಹೇಳು. ನಿನ್ನ ಕಾಗದಗಳನ್ನು ಬರೆಯುತ್ತಿದ್ದವನೂ ಅವನೇ ತಾನೆ? ನೀನು ಹೇಳೋದು, ಅವನು ಬರೆಯೋದು. ಒಂದರಲ್ಲಿ ಹೀಗಿತ್ತು: 'ಅಣ್ಣಾ, ನಿನ್ನ ಬೈಗುಳ ಕಿವಿಗೆ ಬೀಳದೆ ಈ ಊರಿನಲ್ಲಿ ನನಗೆ ಬೆಳಗೇ ಆಗುವುದಿಲ್ಲ.' ಅದು ನೀನಾ, ಅವನಾ? ಅವನೇ ಆಗಿದ್ದರೆ ಹೇಳಿಬಿಡು. ನನಗೇನೂ ಬೇಜಾರಿಲ್ಲ. ನಿನ್ನತ್ತಿಗೆ ಕೇಳುತ್ತಿದ್ದಾಳೆ, ಅದಕ್ಕೆ.

ಚಿಕ್ಕಬೀರಪ್ಪ


ಅಜ್ಜಂಪುರ
22 ಸೆಪ್ಟೆಂಬರ್ 2024

ಅಣ್ಣಾ,

ಅತ್ತಿಗೆ ಕೇಳುತ್ತಿದ್ದಾಳಾ? ಹಾಗಾದರೆ ಅತ್ತಿಗೆಗೇ ಹೇಳು.

ಆ ಮಾತು ಕಟ್ಟಿದವರು ಅವರು. ಅಣ್ಣ ಹೇಗಿದಾನೆ ಕೇಳಿ ಅಂತಷ್ಟೇ ನಾನು ಹೇಳಿದ್ದು. ಬರೆದಾದ ಮೇಲೆ ಓದಿ, "ಹಾಕ್ಲೇನೇ ಇದ್ನ? ಜಾಸ್ತಿ ಆಯ್ತಾ?" ಅಂದರು. ಇನ್ನೊಂದು ಸಲ ಓದಿಸಿಕೊಂಡೆ. ಆಮೇಲೆ "ಹಾಕಿ" ಅಂದೆ. ಹಾಗಾಗಿ ಅದು ನನ್ನದೇ.

ನಿನ್ನ ಕಾಗದಕ್ಕೆ ಮಾತ್ರ, ಹಾಕಲಾ ಅಂತ ಕೇಳಲು ನೀನು ಅವರ ಹತ್ತಿರ ಇರಲಿಲ್ಲ.

ಕರಿಬಸಮ್ಮ


ಯಗಟಿ
3 ನವೆಂಬರ್ 2024

ಪ್ರೀತಿಯ ತಂಗಿ ಕರಿಬಸಮ್ಮನಿಗೆ,

ದೀಪಾವಳಿ ಆಯಿತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬಾವಿ ಹತ್ತಿರ ಹೋದ ತಿಂಗಳು ಸಂಪಿಗೆ ಗಿಡ ನೆಟ್ಟೆ. ಆಗಲೇ ಹೂ ಬಿಟ್ಟಿದೆ. ಘಮ ಘಮ ಅನ್ನುತ್ತಿದೆ. ಸಂಜೆ ದಿಣ್ಣೆ ಹತ್ತಿ ಅಜ್ಜಂಪುರದ ಕಡೆ ನೋಡುತ್ತೇನೆ. ಕಣ್ಣಲ್ಲಿ ನೀರು ಬರುತ್ತೆ. ಅವ್ವನ ಕಂಬಳಿ ಮಡಿಸಿ ಇಟ್ಟಿದ್ದೇನೆ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬಂದುಬಿಡು.

ನಿನ್ನ ಪ್ರೀತಿಯ ಅಣ್ಣ
ಚಿಕ್ಕಬೀರಪ್ಪ


ಅಜ್ಜಂಪುರ
10 ನವೆಂಬರ್ 2024

ಅಣ್ಣಾ,

ನೆಟ್ಟ ತಿಂಗಳಿಗೆ ಸಂಪಿಗೆ ಹೂ ಬಿಡುವುದಿಲ್ಲ ಕಣೋ.

ಎಷ್ಟು ನಕ್ಕೆ ಅಂದರೆ ಮೃತ್ಯುಂಜಯನ ಹೆಂಡತಿ ಒಲೆ ಬಿಟ್ಟು ಓಡಿ ಬಂದಳು. ಆಮೇಲೆ ಅವಳನ್ನು ಕಳಿಸಿ ಬಾಗಿಲು ಹಾಕಿಕೊಂಡು ಕೂತೆ. ಇಂಥದ್ದನ್ನು ಮತ್ತೆ ಬರೆಯಬೇಡ. ನಮ್ಮ ಯಜಮಾನರ ಸುಳ್ಳಿಗೆ ಅವರ ಬಾಯೇ ಬೇಕು. ಎಲ್ಲಿ ತಡೆಯಬೇಕು, ಎಲ್ಲಿ ಸುಮ್ಮನೆ ಒಂದು ಸಲ ಕೆಮ್ಮಬೇಕು ಅಂತ ಅವರಿಗೆ ಗೊತ್ತಿತ್ತು. ಈ ದನಿ 'ಘಮ ಘಮ' ಅಂದದ್ದು ಸ್ಟೇಷನ್ನಿನಲ್ಲಿ ರೈಲಿನ ನಂಬರು ಹೇಳಿದ ಹಾಗಿತ್ತು.

ನಾನು ತರೀಕೆರೆಗೆ ಹೋಗುತ್ತೇನೆ. ಹೇಮಶ್ರೀಗೆ ಮಾತು ಕೊಟ್ಟಾಯಿತು. ಸಿಟ್ಟಿನಿಂದಲ್ಲ. ಯಗಟಿಗೆ ಬಂದರೆ ಅವರು ಕಟ್ಟಿದ ತವರನ್ನು ನಿನ್ನ ಮನೆಯೊಳಗೆ ತಡಕಾಡುತ್ತಾ ಇರುತ್ತೇನೆ. ಸಿಗದಿದ್ದಾಗಲೆಲ್ಲ ನಿನ್ನ ಮುಖ ಸಣ್ಣದಾಗುತ್ತೆ, ನನಗೆ ಅದು ಕಾಣುವುದೂ ಇಲ್ಲ.

ಹೋದ ವಾರ ತರೀಕೆರೆಗೆ ಹೋಗಿದ್ದಾಗ ಹೇಮಶ್ರೀ ಕ್ಲಾಸಿಗೆ ಮಾರಮ್ಮ ಅಂತ ಒಬ್ಬರು ಬಂದಿದ್ದರು, ನನಗಿಂತ ದೊಡ್ಡವರು. ಮಗಳು ಕಳಿಸಿದ ಸಂದೇಶವನ್ನು ಮೊದಲ ಸಲ ತಾವೇ ಕೇಳಿದರು. ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಓದ್ಸವ್ವಾ" ಅಂದರು. "ನಾನ್ಯಾಕೆ ಓದಿಸ್ಲಿ, ಬೆರಳು ನಿಮ್ದೇ ಅಲ್ವಾ, ಸವರಿ" ಅಂದೆ. ಸವರಿದರು. ಮತ್ತೆ ಮತ್ತೆ ಸವರಿದರು. ಅವರ ಮಗಳು ಬರೆದದ್ದು ಏನು ಗೊತ್ತಾ? 'ಊಟ ಆಯ್ತಾ.' ಅಷ್ಟೇ. ಅದಕ್ಕೆ ಆ ಮುದುಕಿ ಅಷ್ಟು ಹಿಗ್ಗಿದರು.

ನೀನು ಬರೆಯುವುದಾದರೆ ನಿನಗೆ ಹೇಗೆ ಬರುತ್ತೋ ಹಾಗೇ ಬರಿ.

ಕರಿಬಸಮ್ಮ


ಯಗಟಿ
20 ಡಿಸೆಂಬರ್ 2024

ಕರಿಬಸಿ,

ಹೋಗು. ಬೇಡ ಅನ್ನೋಕೆ ನಾನ್ಯಾರು?

ಒಂದು ತಿಂಗಳು ಫೋನು ಮುಟ್ಟಲಿಲ್ಲ. ನಿನಗೆ ಬರುವ ಹಾಗೆ ಬರಿ ಅಂದೆ. ನನಗೆ ಏನು ಬರುತ್ತೆ? ನಿನ್ನನ್ನು ನೆನೆಸಿಕೊಳ್ಳುತ್ತಿದ್ದೆನೋ ಇಲ್ಲವೋ ನನಗೇ ತಿಳಿಯದು. ಹಾಗೆ ಕೂತು ನೆನೆಸಿಕೊಂಡದ್ದು ಜ್ಞಾಪಕ ಇಲ್ಲ. ಆದದ್ದನ್ನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಕುರಿ ತುಪ್ಪಟ ಕತ್ತರಿಸುವ ದಿನ, ಮೊದಲ ಕುರಿಯ ಬೆನ್ನಿಂದ ಮೊದಲ ಕುಚ್ಚು ಉಣ್ಣೆ ತೆಗೆಯುವವಳು ಮನೆಯ ಹೆಣ್ಣುಮಗಳು. ಅಪ್ಪನ ಕಾಲದಲ್ಲಿ ನೀನು ತೆಗೆಯುತ್ತಿದ್ದೆ. ಆಮೇಲೆ ನಾವು ಕತ್ತರಿ ಹಾಕುತ್ತಿದ್ದೆವು. ನಿನ್ನ ಮದುವೆ ಆಯಿತು. ಮುಂದಿನ ಸಲ ನಿನ್ನತ್ತಿಗೆ ಕತ್ತರಿ ಎತ್ತಿಕೊಂಡಳು. "ಇಡೇ ಕೆಳಗೆ" ಅಂದೆ. ನನ್ನ ಮಗಳು ದೊಡ್ಡವಳಾಗಿ ಕೇಳಿದಳು. ಬೇಡ ಅಂದೆ. ಅವಳು ಮದುವೆಯಾಗಿ ಹೋದಳು. ಹೋದ ವರ್ಷ ಮಧುಶ್ರೀ ಕೇಳಿದಳು, "ತಾತ, ನಾನು ಈ ಮನೆ ಹುಡ್ಗಿ ಅಲ್ವಾ?" ಅಂತ. ಅವಳಿಗೂ ಬೈದೆ. ಅಳುತ್ತಾ ಒಳಗೆ ಹೋದಳು.

ಪ್ರತಿ ಸಲವೂ ಕತ್ತರಿ ಹಿಡಿದವರು ಕುರಿ ರೊಪ್ಪದಲ್ಲಿ ಕೂತು ನನ್ನ ಮುಖ ನೋಡುತ್ತಾರೆ. ಯಾರಾದರೂ ಬರುತ್ತಾರೇನೋ ಅಂತ ನಾನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆಮೇಲೆ, "ಏನ್ ನೋಡ್ತೀರ್ಲಾ, ಶುರು ಮಾಡಿ" ಅನ್ನುತ್ತೇನೆ. ಶಾಸ್ತ್ರ ಇಲ್ಲದೆಯೇ ಕತ್ತರಿಸುತ್ತಾರೆ. ಒಂದು ವರ್ಷ ಕುರಿಗೆ ರೋಗ ಬಿತ್ತು. ಚಿಕ್ಕಬೀರಪ್ಪ ಹೆಣ್ಣುಮಗಳ ಕೈ ತಪ್ಪಿಸಿದ, ಅದಕ್ಕೇ ಅಂತ ಊರವರು ಆಡಿಕೊಂಡರು. ಆಡಿಕೊಳ್ಳಲಿ ಅಂದೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡ. ತೀರ್ಥಪ್ಪ ಇದ್ದಿದ್ದರೆ ಅದಕ್ಕೊಂದು ಹೆಸರು ಇಡುತ್ತಿದ್ದ. ನನಗೆ ಬರದು.

ಇಷ್ಟು ಒತ್ತೋಕೆ ಎರಡು ಮೂರು ದಿನ ಹಿಡಿಯಿತು. ಬೆರಳು ನೋಯುತ್ತಿದೆ.

ಚಿಕ್ಕಬೀರಪ್ಪ


ತರೀಕೆರೆ
19 ಜನವರಿ 2025

ಅಣ್ಣಾ,

ಹಬ್ಬ ಕಳೆದ ಮೇಲೆ ಇಲ್ಲಿಗೆ ಬಂದೆ. ಹಾಸಿಗೆಯಿಂದ ಬಾಗಿಲು, ಬಾಗಿಲಿಂದ ನಲ್ಲಿ, ಈಗ ಎಡವುವುದಿಲ್ಲ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಹೇಳಲು ಹೋದರೆ ಮಾತು ತೊದಲುತ್ತಿತ್ತು. ತೊದಲಿದ ಮಾತು ಈ ಫೋನಿಗೆ ತಿಳಿಯುವುದಿಲ್ಲ, ಏನೇನೋ ಬರೆದುಕೊಳ್ಳುತ್ತೆ.

ಈ ಸಲ ತುಪ್ಪಟ ಕತ್ತರಿಸುವುದು ಯಾವತ್ತು? ಹಿಂದಿನ ದಿನ ಬರುತ್ತೇನೆ. ಇರಲು ಅಲ್ಲ. ಕತ್ತರಿಸಿದ ದಿನ ಮಧ್ಯಾಹ್ನ ಉಂಡು ಹೊರಡುತ್ತೇನೆ, ಇಲ್ಲಿ ಕ್ಲಾಸಿದೆ. ಬಾವಿ, ಶೆಡ್ಡು, ಜಾಲಿ, ಎಲ್ಲಾ ಮುಟ್ಟಿಸು. ಇದ್ದದ್ದು ಇದ್ದ ಹಾಗೆ.

ಮೊದಲ ಕುಚ್ಚು ನಾನು ತೆಗೆಯುತ್ತೇನೆ. ಆಮೇಲೆ ಕತ್ತರಿಯನ್ನು ಮಧುಶ್ರೀ ಕೈಗೆ ಕೊಡುತ್ತೇನೆ. ಇನ್ನು ಮುಂದೆ ಅದು ಅವಳದು, ನೀನು ಬಾಯಿ ಹಾಕಬಾರದು. ಕಣ್ಣಿಲ್ಲದವಳ ಕೈಗೆ ಕತ್ತರಿಯಾ ಅಂತ ಯಾರಾದರೂ ಅಂದರೆ ಅವರಿಗೆ ಬೈಯಲು ಬಾಯಿ ಹಾಕು. ಉಣ್ಣೆ ಎಲ್ಲಿ ಮುಗಿಯುತ್ತೆ, ಚರ್ಮ ಎಲ್ಲಿ ಶುರುವಾಗುತ್ತೆ ಅಂತ ಬೆರಳಿಗೆ ಗೊತ್ತು.

ನನ್ನ ಕೈ ಹಿಡಿಯಬೇಡ. ಕುರಿ ಹಿಡಿದುಕೋ.

ಕರಿಬಸಮ್ಮ


ಯಗಟಿ
21 ಜನವರಿ 2025

ಕರಿಬಸಿ,

ಬರುವ ವಾರದ ಬುಧವಾರ. ನೀನು ಮಂಗಳವಾರ ಬಾ. ಕಡೂರಲ್ಲಿ ಇಳಿದು ಯಗಟಿ ಬಸ್ಸು ಹತ್ತು. ಕಂಡಕ್ಟರಿಗೆ ನನ್ನ ಹೆಸರು ಹೇಳಬೇಡ, ಅವನಿಗೂ ನನಗೂ ಜಗಳ.

ಕತ್ತರಿಗೆ ಸಾಣೆ ಹಿಡಿಸಿದೆ. ಮಧುಶ್ರೀಗೆ ವಿಷಯ ಹೇಳಿದೆ. ಕಾಲೇಜಿಗೆ ಎರಡು ದಿನ ರಜ ಹಾಕಿದ್ದಾಳೆ, ಒಂದು ದಿನ ಸಾಲದಂತೆ.

ಒಳ್ಳೆ ಸಾಧು ಕುರಿ ನೋಡಿ ಇಟ್ಟಿರಿ ಅಂತ ನಿನ್ನತ್ತಿಗೆ ಹೇಳಿದಳು. ಇಟ್ಟಿಲ್ಲ. ಕರಿ ಬಣ್ಣದ್ದು ಒಂದಿದೆ, ಒದೆಯುತ್ತೆ. ಅದನ್ನೇ ಹಿಡಿದುಕೊಂಡಿರುತ್ತೇನೆ.

ಚಿಕ್ಕಬೀರಪ್ಪ